ಒಂದೇ ರೋಗ, ಸೀಮೆಗೊಂದು ಲೆಕ್ಕ: ಮಹಾಮಾರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ನಿರೀಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ಡಾಕ್ಟರಲ್ಲ. ಊರಿನವರು ಮಾತ್ರ ಇಂದಿಗೂ ‘ಡಾಕ್ಟರೇ’ ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸೋತು ಕೈಬಿಟ್ಟಿದ್ದೇನೆ. ಗಂಗಾವತಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಾಲಾ ಮಕ್ಕಳು ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಚ್ಚಿನವು ಕೊರೊನಾ ಬಗ್ಗೆ, ಕೆಲವು ಹಳೆಯ ಜ್ವರಗಳ ಬಗ್ಗೆ. ಎಲ್ಲದರ ಬೇರು ಒಂದೇ. ಅದೇ ರೋಗ ಒಂದು ಸೀಮೆಯಲ್ಲಿ ಹೆಣಗಳ ಸಾಲು ಮಲಗಿಸುತ್ತದೆ, ಇನ್ನೊಂದರಲ್ಲಿ ನೆಗಡಿಯಂತೆ ಬಂದು ಹೋಗುತ್ತದೆ, ಏಕೆ?

## ಮೊದಲು ಕೇಳುವವು

ಇಟಲಿಯಲ್ಲಿ ಹೆಣಗಳನ್ನು ಮಿಲಿಟರಿ ಲಾರಿಯಲ್ಲಿ ಸಾಗಿಸಿದರು. ಅದೇ ಹೊತ್ತಿಗೆ ನಮ್ಮಲ್ಲಿ ಏನೂ ಆಗಿರಲಿಲ್ಲ. ವೈರಸ್ ಬೇರೆಯೇ?

ವೈರಸ್ ಬೇರೆಯಲ್ಲ. 2020ರ ಮಾರ್ಚ್‌ನಲ್ಲಿ ಬೆರ್ಗಾಮೊ ಊರಿನ ಲಾರಿಗಳನ್ನು ಟಿವಿಯಲ್ಲಿ ನೋಡಿದವರು ಆ ಊರಿನವರ ವಯಸ್ಸನ್ನು ಯಾರೂ ಕೇಳಲಿಲ್ಲ. ಇಟಲಿಯಲ್ಲಿ ಆಗ ನೂರಕ್ಕೆ 23 ಮಂದಿ 65 ವರ್ಷ ದಾಟಿದವರು. ಭಾರತದಲ್ಲಿ ಅಂಥವರು ನೂರಕ್ಕೆ ಏಳಕ್ಕಿಂತ ಕಡಿಮೆ ಇದ್ದರು. ಕೊರೊನಾ ವಯಸ್ಸು ನೋಡಿ ಹೊಡೆಯುವ ರೋಗ. ಲಸಿಕೆ ಬರುವ ಮುಂಚಿನ ಅಂದಾಜಿನಂತೆ, ಸೋಂಕು ತಗುಲಿದ ಹತ್ತು ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ ಇಬ್ಬರು ಸಾಯುತ್ತಿದ್ದರೆ, 55ರವರಲ್ಲಿ ಸಾವಿರಕ್ಕೆ ನಾಲ್ವರು, 75ರವರಲ್ಲಿ ನೂರಕ್ಕೆ ನಾಲ್ಕೈದು, 85ರವರಲ್ಲಿ ನೂರಕ್ಕೆ ಹದಿನೈದು ಮಂದಿ. ಮೊಮ್ಮಗನಿಗೂ ಅಜ್ಜನಿಗೂ ನಡುವೆ ಸಾವಿರಾರು ಪಟ್ಟು ಅಂತರ. ಇಷ್ಟು ಕಡಿದಾದ ಇಳಿಜಾರಿರುವಾಗ, ಯಾವ ದೇಶದಲ್ಲಿ ಮುದುಕರು ಹೆಚ್ಚೋ ಆ ದೇಶ ಮೊದಲು ಉರುಳುತ್ತದೆ.

ಇನ್ನೊಂದು ಮಾತು. ಬೆರ್ಗಾಮೊ ಇರುವ ಲೊಂಬಾರ್ಡಿ ಪ್ರಾಂತ್ಯದಲ್ಲಿ ರೋಗ ಕಣ್ಣಿಗೆ ಬೀಳುವ ಮುಂಚೆಯೇ ವಾರಗಟ್ಟಲೆ ಸದ್ದಿಲ್ಲದೆ ಹಬ್ಬಿತ್ತು. ನಮ್ಮಲ್ಲಿ ಮಾರ್ಚ್ 25ರಂದು ಲಾಕ್‌ಡೌನ್ ಬೀಗ ಬಿದ್ದಾಗ ದೇಶದಲ್ಲಿ ಪತ್ತೆಯಾದವರು ಸಾವಿರವೂ ಇರಲಿಲ್ಲ. ನಾವು ಬಚಾವಾದದ್ದಲ್ಲ, ನಮ್ಮ ಸರದಿ ಹಿಂದಕ್ಕೆ ಹೋದದ್ದು.

ರಾಯಚೂರಿನ ಬಿಸಿಲಿಗೆ ವೈರಸ್ ಸತ್ತೇ ಹೋಗುತ್ತದೆ ಎಂದಿದ್ದರಲ್ಲ?

ಎಂದಿದ್ದರು. ಎರಡನೇ ಅಲೆ ಬಂದದ್ದು 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಇಲ್ಲಿ ಕಾಗೆ ಕೂಡ ನೆರಳು ಹುಡುಕುವ ಹೊತ್ತಿನಲ್ಲಿ. ವೈರಸ್ ಇರುವುದು ಬಯಲಲ್ಲಿ ಅಲ್ಲ, 37 ಡಿಗ್ರಿಯ ನಮ್ಮ ಮೈಯೊಳಗೆ. ಬಿಸಿಲು ಹೆಚ್ಚಾದರೆ ಬಾಗಿಲು ಮುಚ್ಚಿ ಕೂಲರ್ ಮುಂದೆ ಆರು ಜನ ಒತ್ತೊತ್ತಾಗಿ ಮಲಗುತ್ತೇವೆ. ವೈರಸ್‌ಗೆ ಬೇಕಾದದ್ದೂ ಅದೇ.

ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವ ಗಟ್ಟಿ ಜನ ನಾವು. ಪೇಟೆಯವರ ರೋಗ ನಮಗೇಕೆ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಪ್ರೀತಿ, ಉತ್ತರ ಮಾತ್ರ ಕಹಿ. ನಮಗಿಂತ ಹೆಚ್ಚು ಜೋಳ ತಿಂದ, ನಮಗಿಂತ ಹೆಚ್ಚು ನಡೆದ ತಲೆಮಾರೊಂದಿತ್ತು. 1918ರ ಇನ್‌ಫ್ಲುಯೆಂಜಾ ಆ ತಲೆಮಾರಿನಲ್ಲಿ ಹೆಚ್ಚಾಗಿ ಕೊಂಡೊಯ್ದದ್ದು 20ರಿಂದ 40 ವರ್ಷದ ದುಡಿಯುವ ಗಂಡಸರು, ಹೆಂಗಸರನ್ನೇ. ಮೈಕಟ್ಟು ಒಳ್ಳೆಯದಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ದೂರ ಇರುತ್ತವೆ. ಆ ಮಟ್ಟಿಗೆ ಕೊರೊನಾದಲ್ಲೂ ಲಾಭವಿತ್ತು. ಆದರೆ ನಮ್ಮ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲ ಎನ್ನುವವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳದವರು.

ಒಂದು ಚಾನೆಲ್‌ನಲ್ಲಿ ನೂರಕ್ಕೆ ಹತ್ತು ಸಾವು ಎನ್ನುತ್ತಾರೆ, ಇನ್ನೊಂದರಲ್ಲಿ ನೂರಕ್ಕೆ ಒಂದು. ಯಾರು ಸುಳ್ಳು?

ಇಬ್ಬರೂ ಸುಳ್ಳಲ್ಲ. ಭಾಗಾಕಾರದಲ್ಲಿ ಮೇಲಿನ ಅಂಕಿ ಸತ್ತವರದು. ಕೆಳಗೆ ಯಾರನ್ನು ಇಡುತ್ತೀರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಸಂತೆಗೆ ಬಂದ ಸಾವಿರ ಜನರನ್ನು ಬಿಟ್ಟು, ಸಂತೆಯಲ್ಲಿ ಜಾರಿ ಬಿದ್ದು ದವಾಖಾನೆಗೆ ಬಂದ ಹತ್ತು ಜನರನ್ನಷ್ಟೇ ಎಣಿಸಿದರೆ ‘ಸಂತೆಗೆ ಹೋದವರೆಲ್ಲರ ಕಾಲೂ ಮುರಿಯುತ್ತದೆ’ ಎಂದು ಬರೆಯಬೇಕಾಗುತ್ತದೆ. 2020ರ ವಸಂತದಲ್ಲಿ ಇಟಲಿ ಬಹುಮಟ್ಟಿಗೆ ಆಸ್ಪತ್ರೆಗೆ ಬಂದವರನ್ನಷ್ಟೇ ಪರೀಕ್ಷಿಸುತ್ತಿತ್ತು. ಸಾವಿನ ಪ್ರಮಾಣ ಶೇ. 10 ದಾಟಿ ಕಂಡಿತು. ಜರ್ಮನಿ ಕೆಮ್ಮಿದವರನ್ನೆಲ್ಲ ಪರೀಕ್ಷಿಸಿತು. ಹಿಮದ ಮೇಲೆ ಜಾರುವ ಆಟಕ್ಕೆ ಹೋಗಿ ಸೋಂಕು ಹೊತ್ತು ಬಂದ ಹರೆಯದವರೇ ಅಲ್ಲಿ ಮೊದಲ ಸಾಲಿನಲ್ಲಿದ್ದರು, ಹಾಗಾಗಿ ಪ್ರಮಾಣ ಶೇ. 2ರ ಆಸುಪಾಸಿನಲ್ಲಿತ್ತು. ಆಗ ಪತ್ರಿಕೆಗಳಲ್ಲಿ ಜರ್ಮನ್ ಶಿಸ್ತಿನ ಬಗ್ಗೆ ಉದ್ದುದ್ದ ಬರಹ ಬಂದವು. ಶಿಸ್ತು ಇತ್ತೋ ಏನೋ, ಅಂತರದ ದೊಡ್ಡ ಪಾಲು ಭಾಗಾಕಾರದ್ದು.

## ಎಣಿಕೆಯ ಗೋಜಲು

ನಮ್ಮೂರಿನಲ್ಲಿ ಕೊರೊನಾದಿಂದ ಒಬ್ಬರೂ ಸತ್ತಿಲ್ಲ. ದಾಖಲೆಯೂ ಹಾಗೇ ಹೇಳುತ್ತದೆ. ಮತ್ತೇನು?

ದಾಖಲೆ ಹಾಗೆ ಹೇಳುತ್ತದೆ, ನಿಜ. ನಿವೃತ್ತಿಗೆ ಮುಂಚಿನ ವರ್ಷ ಒಂದು ಹಳ್ಳಿಯ ಮರಣ ನೋಂದಣಿ ಪುಸ್ತಕವನ್ನು ಬಿಡುವಾಗಿ ಕುಳಿತು ತಿರುವಿದೆ. ಊರಿನ ಹೆಸರು ಬೇಡ, ಯಾವ ಊರಾದರೂ ಇಷ್ಟೇ. 2019ರ ಮೇ ತಿಂಗಳಿಗೆ ಅರ್ಧ ಪುಟ ಸಾಕಾಗಿತ್ತು. 2021ರ ಮೇ ತಿಂಗಳು ಪುಟ ಮಗುಚಿ ಮುಂದಿನ ಪುಟಕ್ಕೆ ಹೋಗಿತ್ತು. ಕಾರಣದ ಕಾಲಮ್ಮಿನಲ್ಲಿ ಒಂದೇ ಕೈಬರಹ, ಒಂದೇ ನೀಲಿ ಶಾಯಿ: ವಯೋಸಹಜ, ವಯೋಸಹಜ, ಹೃದಯಾಘಾತ, ವಯೋಸಹಜ. ಒಂದು ಸಾಲಿನಲ್ಲಿ ವಯೋಸಹಜ ಎಂದು ಬರೆದವರ ವಯಸ್ಸು 46.

ಇದರಲ್ಲಿ ಕಳ್ಳತನವೇನೂ ಇಲ್ಲ. ಪರೀಕ್ಷೆ ಆಗದೆ ತೀರಿಕೊಂಡವರ ಹೆಸರಿನ ಮುಂದೆ ಕೊರೊನಾ ಎಂದು ಬರೆಯುವುದು ಹೇಗೆ? ಮನೆಯವರಿಗೂ ಬೇಡವಾಗಿತ್ತು, ಹೆಣ ಸಿಗುವುದಿಲ್ಲ, ಮಣ್ಣಿಗೆ ಹೆಗಲು ಕೊಡಲು ಯಾರೂ ಬರುವುದಿಲ್ಲ, ಓಣಿಗೆ ಬ್ಯಾರಿಕೇಡ್ ಬೀಳುತ್ತದೆ ಎಂಬ ಭಯ. ಅದೇ ಜನ ಆ ವರ್ಷದ ಕೊನೆಗೆ, ಸುಪ್ರೀಂ ಕೋರ್ಟಿನ ಆದೇಶದ ಮೇಲೆ 50 ಸಾವಿರ ರೂಪಾಯಿ ಪರಿಹಾರ ಬಂತೆಂದು ತಿಳಿದಾಗ, ‘ಡಾಕ್ಟರೇ, ಅದನ್ನು ಕೊರೊನಾ ಎಂದು ತಿದ್ದಿಸಬಹುದೇ’ ಎಂದು ಕೇಳಿಕೊಂಡು ಬಂದರು. ನಗು ಬರಲಿಲ್ಲ.

ಇನ್ನೂ ಒಂದು ಗುಟ್ಟು ಆ ಪುಸ್ತಕದಲ್ಲಿದೆ. ಹೊಲ ಇದ್ದವರು ಸತ್ತರೆ ಪಹಣಿ ಬದಲಿಸಲು ಮರಣ ಪ್ರಮಾಣಪತ್ರ ಬೇಕು, ಹಾಗಾಗಿ ಹೆಸರು ಬರೆಸುತ್ತಾರೆ. ಹೆಸರಿಗೆ ಒಂದು ಗುಂಟೆಯೂ ಇಲ್ಲದ ಮುದುಕಿಯ ಸಾವನ್ನು ಬರೆಸಲು ಯಾರಿಗೂ ಅವಸರವಿರುವುದಿಲ್ಲ. ಪ್ರಪಂಚದ ಬಡ ಸೀಮೆಗಳಲ್ಲೆಲ್ಲ ಇದೇ ಕತೆ. ಲೆಕ್ಕಕ್ಕೆ ಮೊದಲು ತಪ್ಪುವವರು ಆಸ್ತಿ ಇಲ್ಲದವರು.

ಹಾಗಾದರೆ ನಿಜವಾದ ಲೆಕ್ಕ ಸಿಗುವುದು ಹೇಗೆ? ‘ಹೆಚ್ಚುವರಿ ಸಾವು’ ಎನ್ನುತ್ತಾರಲ್ಲ, ಅದೇನು?

ನಾನು ಪುಸ್ತಕ ತಿರುವಿದಾಗ ಮಾಡಿದ್ದು ಅದನ್ನೇ. ಕಾರಣದ ಕಾಲಮ್ಮನ್ನು ಕೈಯಲ್ಲಿ ಮುಚ್ಚಿ, ಸಾಲುಗಳನ್ನಷ್ಟೇ ಎಣಿಸಿ, ಹಿಂದಿನ ನಾಲ್ಕೈದು ವರ್ಷಗಳ ಅದೇ ತಿಂಗಳಿಗೆ ಹೋಲಿಸುವುದು. ಹೆಚ್ಚಿಗೆ ಕಂಡ ಸಾಲುಗಳೇ ಹೆಚ್ಚುವರಿ ಸಾವು. ಇದರಲ್ಲಿ ಕೊರೊನಾದಿಂದ ಸತ್ತವರೂ ಇರುತ್ತಾರೆ. ಬೆಡ್ ಸಿಗದೆ ಹೆರಿಗೆಯಲ್ಲಿ, ಡಯಾಲಿಸಿಸ್ ತಪ್ಪಿ ಸತ್ತವರೂ ಇರುತ್ತಾರೆ. ಅಪಘಾತ ಕಡಿಮೆಯಾಗಿ ಉಳಿದ ಜೀವಗಳು ಇದರಿಂದ ಕಳೆದೂ ಹೋಗಿರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನದಿಂದ 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸುಮಾರು 1.49 ಕೋಟಿ ಹೆಚ್ಚುವರಿ ಸಾವು ಎಂದು ಅಂದಾಜಿಸಿತು. ಅದರಲ್ಲಿ ಭಾರತದ ಪಾಲು ಸುಮಾರು 47 ಲಕ್ಷ. ನಮ್ಮ ಸರ್ಕಾರ ಈ ಅಂದಾಜನ್ನೂ ಅದರ ವಿಧಾನವನ್ನೂ ಒಪ್ಪಲಿಲ್ಲ. ಅಧಿಕೃತ ಲೆಕ್ಕ ಇಂದಿಗೂ ಐದು ಲಕ್ಷ ಮೂವತ್ತು ಸಾವಿರದ ಆಸುಪಾಸಿನಲ್ಲಿದೆ. ಅಂದಾಜು ಹೆಚ್ಚುಕಡಿಮೆ ಆಗಬಹುದು, ನನ್ನ ನೀಲಿ ಶಾಯಿಯ ಪುಟಗಳು ಮಾತ್ರ ಯಾವ ಕಡೆ ವಾಲುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪೆರು ದೇಶ ಧೈರ್ಯ ಮಾಡಿತು. 2021ರ ಮೇ ಕೊನೆಯಲ್ಲಿ ಪುಸ್ತಕಗಳನ್ನೆಲ್ಲ ಮರಳಿ ತಿರುವಿ, 69 ಸಾವಿರದಷ್ಟಿದ್ದ ಸಾವಿನ ಲೆಕ್ಕವನ್ನು ಒಂದೇ ದಿನ 1.8 ಲಕ್ಷಕ್ಕೆ ಏರಿಸಿತು. ಆ ಕ್ಷಣದಿಂದ ಪತ್ರಿಕೆಗಳಲ್ಲಿ ‘ಜಗತ್ತಿನಲ್ಲೇ ಅತಿ ಹೆಚ್ಚು ಹೊಡೆತ ತಿಂದ ದೇಶ’ ಎನಿಸಿಕೊಂಡಿತು. ಪ್ರಾಮಾಣಿಕವಾಗಿ ಎಣಿಸಿದವನಿಗೆ ಪಟ್ಟಿಯ ಮೊದಲ ಸ್ಥಾನ, ಎಣಿಸದವನಿಗೆ ಶಹಬ್ಬಾಸ್.

ಆಫ್ರಿಕಾದಲ್ಲಿ ಆಸ್ಪತ್ರೆಗಳೇ ಇಲ್ಲ, ಆದರೂ ಅಲ್ಲಿ ಏನೂ ಆಗಲಿಲ್ಲವಂತೆ. ದೇವರ ದಯೆಯೇ?

ಅರ್ಧ ನಿಜ, ಅರ್ಧ ಎಣಿಕೆ. ಆಫ್ರಿಕಾದ ಜನಸಂಖ್ಯೆಯಲ್ಲಿ ಅರ್ಧದಷ್ಟು ಮಂದಿ 20 ವರ್ಷ ತುಂಬದವರು. ಮೊದಲ ಉತ್ತರದ ಇಳಿಜಾರನ್ನು ನೆನೆಸಿಕೊಂಡರೆ ಸಾವು ಕಡಿಮೆಯಾಗಲೇಬೇಕು. ಆದರೆ ಜಾಂಬಿಯಾದ ಲುಸಾಕಾ ನಗರದಲ್ಲಿ 2020ರ ನಡುವಿನ ತಿಂಗಳುಗಳಲ್ಲಿ ಶವಾಗಾರಕ್ಕೆ ಬಂದ ಹೆಣಗಳ ಮೂಗಿನ ದ್ರವ ಪರೀಕ್ಷಿಸಿದಾಗ ಆರರಲ್ಲಿ ಒಂದರಷ್ಟು ಹೆಣಗಳಲ್ಲಿ ವೈರಸ್ ಸಿಕ್ಕಿತು. ಅವರಲ್ಲಿ ಬಹುತೇಕರಿಗೆ ಬದುಕಿದ್ದಾಗ ಪರೀಕ್ಷೆಯೇ ಆಗಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನೋಂದಣಿ ಚೆನ್ನಾಗಿದೆ; ಅಲ್ಲಿ ಹೆಚ್ಚುವರಿ ಸಾವು ಅಧಿಕೃತ ಕೊರೊನಾ ಸಾವಿನ ಸುಮಾರು ಮೂರು ಪಟ್ಟು.

## ದಾರಿ, ಮನೆ, ಆಸ್ಪತ್ರೆ

ಗುಳೆ ಹೋದವರೇ ಊರಿಗೆ ರೋಗ ತಂದರು. ಅವರನ್ನು ಬೈದದ್ದು ತಪ್ಪೇ?

ತಪ್ಪು. ಸೋಂಕು ದೇಶಕ್ಕೆ ಬಂದದ್ದು ವಿಮಾನದಲ್ಲಿ. 2020ರ ಜನವರಿ 30ರಂದು ಕೇರಳದಲ್ಲಿ ಮೊದಲ ಪ್ರಕರಣ ಪತ್ತೆಯಾಯಿತು. ಮಾರ್ಚ್‌ನಲ್ಲಿ ದೇಶದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯಲ್ಲಿ, ವಿದೇಶದಿಂದ ಮರಳಿದ ಹಿರಿಯರೊಬ್ಬರದು. ಪಾಸ್‌ಪೋರ್ಟ್ ಇದ್ದವರನ್ನು ಯಾರೂ ಬೈಯಲಿಲ್ಲ. ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಗಂಟುಮೂಟೆ ಹೊತ್ತು ದೇವದುರ್ಗ, ಲಿಂಗಸುಗೂರು ಕಡೆ ಮರಳಿದ ಕುಟುಂಬಗಳನ್ನು ಶಾಲೆಯ ಕೋಣೆಗಳಲ್ಲಿ ಇರಿಸಿದಾಗ, ಕಿಟಕಿಯಿಂದ ರೊಟ್ಟಿ ಎಸೆದು ಹೋದವರನ್ನು ನಾನೇ ನೋಡಿದ್ದೇನೆ.

ಆದರೆ ಪ್ರಶ್ನೆಯೊಳಗೆ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ: ರೋಗ ಬೇಗ ಬಂದರೇನು, ತಡವಾಗಿ ಬಂದರೇನು? ಬಹಳ ವ್ಯತ್ಯಾಸವಿದೆ. ಬೆರ್ಗಾಮೊ ಡಾಕ್ಟರುಗಳಿಗೆ ಏನು ಕೊಡಬೇಕೆಂದೇ ತಿಳಿದಿರಲಿಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಔಷಧಿಯಿಂದ ವೆಂಟಿಲೇಟರ್‌ನಲ್ಲಿರುವವರ ಸಾವು ಮೂರನೇ ಒಂದರಷ್ಟು ಇಳಿಯುತ್ತದೆ ಎಂದು ತೋರಿಸಿತು. ಆ ಔಷಧಿ ನಮ್ಮ ತಾಲೂಕು ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ರೋಗ ಮೂರು ತಿಂಗಳು ತಡವಾಗಿ ಬಂದ ಸೀಮೆಗೆ ಆ ಜ್ಞಾನ ಪುಕ್ಕಟೆ ಸಿಕ್ಕಿತು.

ಹಳ್ಳಿಯಲ್ಲಿ ಗಾಳಿ ಬೆಳಕು ಇದೆ. ರೋಗ ಪಟ್ಟಣದ್ದೇ ಅಲ್ಲವೇ?

ಮೊದಲ ಅಲೆಯಲ್ಲಿ ಬಹುಮಟ್ಟಿಗೆ ಹೌದು. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷಿಸಿದಾಗ ಕೊಳೆಗೇರಿಗಳಲ್ಲಿ ಶೇ. 57 ಜನರಿಗೆ ಸೋಂಕು ಬಂದು ಹೋಗಿತ್ತು, ಅದೇ ವಾರ್ಡಿನ ಕಟ್ಟಡಗಳಲ್ಲಿ ಶೇ. 16 ಮಂದಿಗೆ. ನಡುವೆ ಒಂದು ರಸ್ತೆ ಮಾತ್ರ. ಬೀಗ ಹಾಕಿಕೊಂಡು ಕೂರಲು ಕೋಣೆ ಬೇಕು, ಸ್ವಂತ ನಲ್ಲಿ ಬೇಕು, ಸ್ವಂತ ಶೌಚಾಲಯ ಬೇಕು. ಹಳ್ಳಿಯ ಅಂಗಳದಲ್ಲಿ ಗಾಳಿ ಇದೆ, ನಿಜ. ಸೋಂಕು ತಗುಲುವುದು ಒಳಮನೆಯಲ್ಲಿ, ಟ್ರ್ಯಾಕ್ಸ್ ಗಾಡಿಯಲ್ಲಿ, ಮದುವೆಯ ಷಾಮಿಯಾನದ ಕೆಳಗೆ.

ಬಳ್ಳಾರಿಯಲ್ಲಿ ಅಷ್ಟು ಕೇಸ್, ಪಕ್ಕದ ಕೊಪ್ಪಳದಲ್ಲಿ ಇಷ್ಟೇ. ನೆಲದ ಗುಣವೇ?

ಮೊದಲು ಲಕ್ಷಕ್ಕೆ ಎಷ್ಟು ಎಂದು ನೋಡಿ. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿಯಲ್ಲಿ 24.5 ಲಕ್ಷ ಜನ, ಕೊಪ್ಪಳದಲ್ಲಿ 13.9 ಲಕ್ಷ. ಒಟ್ಟು ಸಂಖ್ಯೆಯನ್ನೇ ಪಕ್ಕಪಕ್ಕ ಇಟ್ಟರೆ ದೊಡ್ಡ ಮನೆಯಲ್ಲಿ ಹೆಚ್ಚು ಚಪ್ಪಲಿ ಎಂದು ಆಶ್ಚರ್ಯಪಟ್ಟಂತೆ. ಆಮೇಲೆ ಕೆಲಸದ ಬಗೆ ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹತ್ತು ರಾಜ್ಯಗಳಿಂದ ಜನ ಬರುತ್ತಾರೆ. 2020ರ ಜೂನ್‌ನಲ್ಲಿ ಅಲ್ಲಿನ ಕಾರ್ಮಿಕರಲ್ಲಿ ಸೋಂಕು ಹಬ್ಬಿದ್ದು ಎಲ್ಲರಿಗೂ ನೆನಪಿದೆ. ಅಂಥ ಕಡೆ ಪರೀಕ್ಷೆಯೂ ಸಾಲುಸಾಲಾಗಿ ನಡೆಯುತ್ತದೆ. ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರ ಗಂಟಲ ದ್ರವ ಯಾರೂ ತೆಗೆಯುವುದಿಲ್ಲ.

ಆಮ್ಲಜನಕ ನಮ್ಮ ಸೀಮೆಯಲ್ಲೇ ತಯಾರಾಗುತ್ತದೆ. ಆದರೂ ಉಸಿರಿಲ್ಲದೆ ಏಕೆ ಸತ್ತರು?

ಈ ಪ್ರಶ್ನೆಗೆ ಉದ್ದ ಉತ್ತರ ಬೇಕು, ಏಕೆಂದರೆ ಸೀಮೆ ಸೀಮೆಗೂ ಸಾವಿನ ಅಂತರ ಹುಟ್ಟುವ ಜಾಗ ಇದೇ.

2021ರ ಮೇ ಎರಡನೇ ವಾರ. ಸಿಂಧನೂರಿನ ಹತ್ತಿರದ ಒಂದು ಕ್ಯಾಂಪಿನಲ್ಲಿ ಮನೆ ಮನೆ ಸುತ್ತುತ್ತಿದ್ದೆವು, ನಾನು ಮತ್ತು ಇಬ್ಬರು ಆಶಾ ಕಾರ್ಯಕರ್ತೆಯರು. ಒಬ್ಬ ಹೆಣ್ಣುಮಗಳು ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ‘ಏನೂ ಇಲ್ಲ ಡಾಕ್ಟರೇ, ಸ್ವಲ್ಪ ಆಯಾಸ’ ಎಂದಳು. ವರ್ಷಗಟ್ಟಲೆ ಹತ್ತಿ ಬಿಡಿಸಿ ಬಿಡಿಸಿ ಅವಳ ಬೆರಳ ತುದಿ ಎಷ್ಟು ಒರಟಾಗಿತ್ತೆಂದರೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಓದಲೇ ಇಲ್ಲ, ಬರೀ ಗೆರೆ ತೋರಿಸುತ್ತಿತ್ತು. ಕಿರುಬೆರಳನ್ನು ಸೆರಗಿನಿಂದ ಒರೆಸಿ, ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿದೆವು. 84. ಇರಬೇಕಾದದ್ದು 95ರ ಮೇಲೆ. ಈ ರೋಗದ ಮೋಸವೇ ಅದು, ಮೈಯಲ್ಲಿ ಆಮ್ಲಜನಕ ಇಳಿದರೂ ಮಾತು ನಿಲ್ಲುವುದಿಲ್ಲ. ಅಲ್ಲಿಂದ ರಾಯಚೂರಿಗೆ 80 ಕಿಲೋಮೀಟರಿಗೂ ಹೆಚ್ಚು. ಆಂಬುಲೆನ್ಸ್ ಬರಲು ಎರಡು ಗಂಟೆ. ಅವಳು ಉಳಿದಳು. ಎರಡು ದಿನ ಬಿಟ್ಟು ಅದೇ ಸಾಲಿನ ಕೊನೆಯ ಮನೆಯವನಿಗೂ ಹೆಚ್ಚುಕಡಿಮೆ ಅದೇ ಅಂಕಿ. ಅಷ್ಟರಲ್ಲಿ ಹಾಸಿಗೆಗಳು ತುಂಬಿದ್ದವು. ಅವನು ಉಳಿಯಲಿಲ್ಲ. ವಯಸ್ಸು, ಊರು, ಊಟ ಎಲ್ಲ ಒಂದೇ.

ತೋರಣಗಲ್ಲಿನಲ್ಲಿ ಉಕ್ಕು ಕರಗಿಸಲು ಬೇಕಾದ ಆಮ್ಲಜನಕ ಅಲ್ಲೇ ತಯಾರಾಗುತ್ತದೆ. ಆ ತಿಂಗಳುಗಳಲ್ಲಿ ದಿನಕ್ಕೆ ನೂರಾರು ಟನ್ ಆಸ್ಪತ್ರೆಗಳಿಗೆ ಹೋಯಿತು, ಕಾರ್ಖಾನೆಯ ಪಕ್ಕದಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಯೂ ಎದ್ದಿತು. ಆದರೆ ದ್ರವ ಆಮ್ಲಜನಕ ಇರುವುದು ಸೊನ್ನೆಗಿಂತ 183 ಡಿಗ್ರಿ ಕೆಳಗೆ. ಅದನ್ನು ಹಾಲಿನ ಟ್ಯಾಂಕರಿನಲ್ಲಿ ಒಯ್ಯಲಾಗುವುದಿಲ್ಲ. ಎರಡು ಗೋಡೆಯ ವಿಶೇಷ ಟ್ಯಾಂಕರ್ ಬೇಕು, ಅವು ದೇಶದಲ್ಲೇ ಕಡಿಮೆ ಇದ್ದವು. ತಲುಪಿದ ಕಡೆ ಅದನ್ನು ಇಳಿಸಿಕೊಳ್ಳುವ ತೊಟ್ಟಿ ಬೇಕು, ಹಾಸಿಗೆಯವರೆಗೆ ಕೊಳವೆ ಬೇಕು. ತೊಟ್ಟಿ ಇಲ್ಲದ ಕಡೆ ಸಿಲಿಂಡರ್ ತುಂಬಿಸಿ ಲಾರಿಯಲ್ಲಿ ತರಬೇಕು. ಇದೇ ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರದಲ್ಲಿ ಮೇ 2ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 24 ರೋಗಿಗಳು ತೀರಿಕೊಂಡಿದ್ದರು. ರಾಜ್ಯದಲ್ಲಿ ಆಮ್ಲಜನಕ ಇರುವುದು ಬೇರೆ, ಹಾಸಿಗೆಯ ತಲೆದಿಂಬಿನ ಹತ್ತಿರ ಇರುವುದು ಬೇರೆ. ಪೆರುವಿನಲ್ಲಿ ಸಿಲಿಂಡರ್ ಹಿಡಿದು ರಾತ್ರಿಯಿಡೀ ಸಾಲುಗಟ್ಟಿ ನಿಂತವರದೂ ಇದೇ ಗೋಳು.

ಹಣವಂತ ದೇಶಗಳಿಗೆ ಹೊಡೆತ ಕಡಿಮೆ ಅಲ್ಲವೇ?

ಹಾಗಿದ್ದರೆ ಅಮೆರಿಕ ಮೊದಲು ಪಾಸಾಗಬೇಕಿತ್ತು. ಅಲ್ಲಿ ಸತ್ತವರು ಹನ್ನೊಂದು ಲಕ್ಷ ದಾಟಿದರು. ಜಗತ್ತಿನಲ್ಲೇ ಅತಿ ಮುದಿ ದೇಶ ಜಪಾನ್. ಲೆಕ್ಕದ ಪ್ರಕಾರ ಅದು ಮುಗಿದುಹೋಗಬೇಕಿತ್ತು, ಹಾಗಾಗಲಿಲ್ಲ. ಮುಚ್ಚಿದ ಕೋಣೆ, ಗುಂಪು, ಹತ್ತಿರದ ಮಾತು ಈ ಮೂರನ್ನು ಬಿಡಿ ಎಂದು ಆರಂಭದಲ್ಲೇ ಹೇಳಿದರು, ಜನ ಕೇಳಿದರು. ಹಣಕ್ಕಿಂತ ಮುಖ್ಯ, ಹೇಳಿದ್ದನ್ನು ನಂಬುವ ಜನ ಮತ್ತು ನಂಬಿಕೆಗೆ ತಕ್ಕಂತೆ ನಡೆಯುವ ಆಡಳಿತ.

2014ರ ಎಬೋಲಾ ನೆನೆಸಿಕೊಳ್ಳಿ. ಪಶ್ಚಿಮ ಆಫ್ರಿಕಾದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೋಟಿಗಟ್ಟಲೆ ಜನರ ಲಾಗೋಸ್ ನಗರಕ್ಕೆ ವಿಮಾನದಲ್ಲಿ ಬಂದ ಒಬ್ಬ ರೋಗಿಯಿಂದ ನೈಜೀರಿಯಾದಲ್ಲಿ ಆದದ್ದು 20 ಪ್ರಕರಣ, ಎಂಟು ಸಾವು, ಅಷ್ಟಕ್ಕೇ ನಿಂತಿತು. ಪೋಲಿಯೊ ಹನಿ ಹಾಕಲೆಂದು ಕಟ್ಟಿದ್ದ ಪಡೆಯನ್ನೇ ಅವರು ಸಂಪರ್ಕ ಹುಡುಕಲು ಮನೆ ಮನೆಗೆ ಕಳಿಸಿದ್ದರು. ಪೋಲಿಯೊ ಭಾನುವಾರಗಳಂದು ಬಿಸಿಲಲ್ಲಿ ಅಲೆದವನಾದ ನನಗೆ ಇದನ್ನು ಓದಿ ಆದ ಸಂತೋಷ ಯಾರಿಗೂ ಅರ್ಥವಾಗುವುದಿಲ್ಲ.

## ಹಳೆಯ ಜ್ವರಗಳು

1918ರಲ್ಲಿ ನಮ್ಮ ಸೀಮೆಗೆ ಏನಾಗಿತ್ತು?

ಆಗ ನಮ್ಮದು ಒಂದು ಸೀಮೆಯೇ ಆಗಿರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ರಾಯಚೂರು ನಿಜಾಮರ ರಾಜ್ಯದಲ್ಲಿ, ಕೊಪ್ಪಳ ಅದೇ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರಿನಲ್ಲಿ. ಮೂರು ಊರು, ಮೂರು ಬಗೆಯ ದಫ್ತರು. ಬ್ರಿಟಿಷ್ ಭಾಗದಲ್ಲಿ ಸಾವನ್ನು ವರದಿ ಮಾಡುತ್ತಿದ್ದವನು ಊರಿನ ತಳವಾರನಂಥ ಕಾವಲಿನವನು. ಅವನು ಬರೆಸಿದ ಕಾರಣ ‘ಜ್ವರ’. ನೂರು ವರ್ಷದ ಹಿಂದಿನ ‘ಜ್ವರ’ಕ್ಕೂ ನಮ್ಮ ಕಾಲದ ‘ವಯೋಸಹಜ’ಕ್ಕೂ ಶಾಯಿಯಷ್ಟೇ ಬೇರೆ. ಕೊನೆಗೆ ಲೆಕ್ಕ ಹಿಡಿದದ್ದು 1911 ಮತ್ತು 1921ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟಾಗ. ಆ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಬೆಳೆಯುವ ಬದಲು ತುಸು ಕುಗ್ಗಿತ್ತು.

ಭಾರತದಲ್ಲಿ ಸತ್ತವರು 1.2ರಿಂದ 2 ಕೋಟಿ ಎಂಬ ಅಂದಾಜಿದೆ, ಎಂದರೆ ನೂರಕ್ಕೆ ನಾಲ್ಕರಿಂದ ಆರು ಮಂದಿ. ಅಮೆರಿಕದಲ್ಲಿ 6.75 ಲಕ್ಷ, ಸಾವಿರಕ್ಕೆ ಆರೇಳು ಮಂದಿ. ಅದೇ ಜ್ವರ. ಇಲ್ಲಿ ಆ ವರ್ಷ ಮುಂಗಾರು ಕೈಕೊಟ್ಟು ಇಪ್ಪತ್ತನೇ ಶತಮಾನದ ಭೀಕರ ಬರಗಳಲ್ಲೊಂದು ಬಿದ್ದಿತ್ತು. ಕಾಳಿನ ಬೆಲೆ ಮುಗಿಲು ಮುಟ್ಟಿತ್ತು. ಯುದ್ಧಕ್ಕೆಂದು ಡಾಕ್ಟರುಗಳನ್ನು ಒಯ್ದಿದ್ದರು. ದೇಶದೊಳಗೂ ಭೇದವಿತ್ತು: ಮುಂಬೈ ಪ್ರೆಸಿಡೆನ್ಸಿ ಮತ್ತು ಮಧ್ಯ ಪ್ರಾಂತ್ಯಗಳಿಗೆ ಬಿದ್ದ ಪೆಟ್ಟು ಬಂಗಾಳಕ್ಕೂ ಮದ್ರಾಸಿಗೂ ಬೀಳಲಿಲ್ಲ. ಮುಂಬೈ ಬಂದರಿನಲ್ಲಿ ಇಳಿದ ಜ್ವರ ರೈಲು ಹಳಿ ಹಿಡಿದು ಒಳನಾಡಿಗೆ ನಡೆಯಿತು. ಮುಂಬೈ–ಮದ್ರಾಸ್ ಹಳಿ 1871ರಿಂದ ರಾಯಚೂರಿನ ಮೇಲೆ ಹಾದಿದೆ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಹಾದು ಹೋಗುವ ಹಳಿಯನ್ನು 1876–78ರ ಬರದ ನಂತರ, ಮುಂದಿನ ಬರಕ್ಕೆ ಧಾನ್ಯ ಸಾಗಿಸಲು ಬೇಕೆಂದು ಹಾಕಿದ್ದು. ಕಾಳು ತರುವ ಹಳಿ ಕಾಳನ್ನಷ್ಟೇ ತರುತ್ತದೆಯೇ?

ನನ್ನ ಅಜ್ಜಿ ಆಗ ಹತ್ತು ಹನ್ನೆರಡರ ಹುಡುಗಿ. ಬಾವಿಗೆ ನೀರಿಗೆ ಹೋದರೆ ಕೊಡ ಎತ್ತಿ ತಲೆಯ ಮೇಲಿಡಲು ಇನ್ನೊಬ್ಬರು ಸಿಗುತ್ತಿರಲಿಲ್ಲ ಎನ್ನುತ್ತಿದ್ದಳು. ಆಕೆಯ ಅಂಕಿಅಂಶ ಅಷ್ಟೇ.

ಗಡಿ ಮುಚ್ಚಿದರೆ ನಿಜಕ್ಕೂ ಉಪಯೋಗವೇ? ರಾಜಕೀಯ ಅಲ್ಲವೇ ಅದು?

ದ್ವೀಪಗಳಿಗೆ ಬಹಳ ಉಪಯೋಗ. ಶಾಂತ ಸಾಗರದಲ್ಲಿ ಸಮೋವಾ ಎಂಬ ಹೆಸರಿನ ಎರಡು ದ್ವೀಪ ಗುಂಪುಗಳಿವೆ. ನಡುವಿನ ಅಂತರ ಹೆಚ್ಚುಕಡಿಮೆ ಬಳ್ಳಾರಿಗೂ ರಾಯಚೂರಿಗೂ ಇರುವಷ್ಟೇ. ಒಂದೇ ಜನ, ಒಂದೇ ಭಾಷೆ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ‘ತಲೂನ್’ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂತು. ಅಲ್ಲಿನ ನ್ಯೂಜಿಲೆಂಡ್ ಆಡಳಿತ ಪ್ರಯಾಣಿಕರನ್ನು ಇಳಿಯಲು ಬಿಟ್ಟಿತು. ಕೆಲವೇ ವಾರಗಳಲ್ಲಿ ನೂರಕ್ಕೆ 22 ಜನ ಸತ್ತರು. ಅಮೆರಿಕನ್ ಸಮೋವಾದ ರಾಜ್ಯಪಾಲ ಜಾನ್ ಪೋಯರ್ ಬಂದರು ಮುಚ್ಚಿಸಿದ. ಅಲ್ಲಿ ಸತ್ತವರು ಸೊನ್ನೆ. ರಕ್ತ, ಊಟ, ಹವೆ ಎಂದು ಕಾರಣ ಹುಡುಕುವವರಿಗೆ ನಾನು ಮೊದಲು ಹೇಳುವ ಕತೆ ಇದು. 2020ರಲ್ಲಿ ನ್ಯೂಜಿಲೆಂಡ್ ಆ ಪಾಠ ಮರೆಯಲಿಲ್ಲ, ಮಾರ್ಚ್ 19ಕ್ಕೇ ಬಾಗಿಲು ಹಾಕಿತು. ರಾಯಚೂರಿಗೆ ಸಮುದ್ರವಿಲ್ಲ, ನಾಲ್ಕು ದಿಕ್ಕಿಗೂ ರಸ್ತೆ. ಇಲ್ಲಿ ಅದೇ ಉಪಾಯ ಅಷ್ಟೇ ಫಲ ಕೊಡುವುದಿಲ್ಲ.

## ಇನ್ನೂ ಆಳಕ್ಕೆ

ಚಿಕ್ಕಂದಿನಲ್ಲಿ ತೋಳಿಗೆ ಹಾಕಿಸಿದ ಬಿಸಿಜಿ ಲಸಿಕೆ ನಮ್ಮನ್ನು ಕಾಪಾಡಿತಂತೆ?

ಬಿಸಿಜಿ ಹಾಕುವ ದೇಶಗಳಲ್ಲಿ ಸಾವು ಕಡಿಮೆ ಎಂದು 2020ರಲ್ಲಿ ಒಂದು ನಕ್ಷೆ ಎಲ್ಲರ ಮೊಬೈಲಿಗೂ ಬಂತು. ಬಿಸಿಜಿ ಹಾಕುವ ದೇಶಗಳು ಬಹುತೇಕ ಹರೆಯದ ದೇಶಗಳು, ಪರೀಕ್ಷೆ ಕಡಿಮೆ ಇರುವ ದೇಶಗಳು ಎಂಬುದನ್ನು ನಕ್ಷೆ ಹೇಳಲಿಲ್ಲ. ಆಮೇಲೆ ಆರೋಗ್ಯ ಸಿಬ್ಬಂದಿಗೆ ಬಿಸಿಜಿ ಕೊಟ್ಟು ನಡೆಸಿದ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಕೊರೊನಾ ವಿರುದ್ಧ ರಕ್ಷಣೆ ಕಾಣಲಿಲ್ಲ. ಬಿಸಿಜಿ ಒಳ್ಳೆಯ ಲಸಿಕೆ, ಮಕ್ಕಳ ಕ್ಷಯಕ್ಕೆ. ಅದಕ್ಕೆ ಇಲ್ಲದ ಪದವಿ ಕೊಡುವುದು ಬೇಡ.

ವಂಶವಾಹಿಯಲ್ಲಿ ಏನಾದರೂ ಇದೆಯೇ?

ಸ್ವಲ್ಪ ಇದೆ, ಆದರೆ ನಾವು ಆಸೆಪಟ್ಟ ದಿಕ್ಕಿನಲ್ಲಿಲ್ಲ. ನಿಯಾಂಡರ್ತಾಲ್ ಎಂಬ, ಈಗ ಅಳಿದುಹೋದ ಮಾನವ ಪೂರ್ವಜರಿಂದ ಬಂದ, ಮೂರನೇ ವರ್ಣತಂತುವಿನಲ್ಲಿರುವ ಒಂದು ತುಣುಕು ಕೊರೊನಾವನ್ನು ಉಲ್ಬಣಗೊಳಿಸುತ್ತದೆ ಎಂದು 2020ರಲ್ಲಿ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು ತೋರಿಸಿದರು. ಯುರೋಪಿನಲ್ಲಿ ಸುಮಾರು ಶೇ. 16 ಜನ ಅದನ್ನು ಹೊತ್ತಿದ್ದಾರೆ; ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಮಂದಿ. ರಕ್ತವೇ ಎಲ್ಲ ಎನ್ನುವುದಾದರೆ 2020ರಲ್ಲಿ ನಾವು ಇಟಲಿಗಿಂತ ಮೊದಲೇ ಮಣ್ಣಾಗಬೇಕಿತ್ತು.

ಮೊದಲ ಅಲೆ ಹಗುರ, ಎರಡನೆಯದು ಘೋರ. ಜನ ಅವರೇ, ಸೀಮೆ ಅದೇ. ಏನು ಬದಲಾಯಿತು?

ವೈರಸ್ ಬದಲಾಯಿತು; ಡೆಲ್ಟಾ ಇನ್ನೂ ಬೇಗ ಹರಡುವ, ಇನ್ನೂ ಗಟ್ಟಿ ಪೆಟ್ಟು ಕೊಡುವ ತಳಿ. ಆದರೆ ಹೆಚ್ಚಿನ ಕೇಡು ಮಾಡಿದ್ದು ಅವಸರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಕ್ತ ಸಮೀಕ್ಷೆಯಲ್ಲಿ 2021ರ ಆರಂಭಕ್ಕೆ ನಾಲ್ವರಲ್ಲಿ ಒಬ್ಬರಿಗೆ ರೋಗದ ವಿರುದ್ಧ ಮೈ ಕಟ್ಟಿಕೊಳ್ಳುವ ಪ್ರತಿಕಾಯ ಇದ್ದದ್ದು ಜುಲೈ ಹೊತ್ತಿಗೆ ಶೇ. 67.6ಕ್ಕೆ ಏರಿತ್ತು. ಅದರಲ್ಲಿ ಲಸಿಕೆಯ ಪಾಲು ಸ್ವಲ್ಪ; ದೊಡ್ಡ ಪಾಲು ಕೆಲವೇ ವಾರಗಳಲ್ಲಿ ತಗುಲಿದ ಸೋಂಕು. ವರ್ಷವಿಡೀ ಬರಬೇಕಾದ ರೋಗಿಗಳು ಎರಡು ತಿಂಗಳಲ್ಲಿ ಬಂದರೆ ಯಾವ ಆಸ್ಪತ್ರೆಯೂ ನಿಲ್ಲುವುದಿಲ್ಲ. ತುಂಗಭದ್ರಾ ಜಲಾಶಯದ ಕೆಳಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೇ ನೀರು ಮೂರು ತಿಂಗಳು ಕಾಲುವೆಯಲ್ಲಿ ಹರಿದರೆ ಭತ್ತ, ಒಂದೇ ರಾತ್ರಿ ಬಂದರೆ ಪ್ರವಾಹ.

ಲಸಿಕೆ ಬಂದ ಮೇಲೂ ದೇಶ ದೇಶಕ್ಕೆ ಅಂತರ ಏಕೆ ಉಳಿಯಿತು?

ಲಸಿಕೆ ಯಾರ ತೋಳಿಗೆ ಹೋಯಿತು ಎಂಬುದರಿಂದ. ಹಾಂಗ್‌ಕಾಂಗ್ ಎರಡು ವರ್ಷ ರೋಗವನ್ನು ಹೊರಗಿಟ್ಟಿತ್ತು. ಆಗ ಸತ್ತವರು ಇನ್ನೂರು ಚಿಲ್ಲರೆ. ಆ ಧೈರ್ಯದಲ್ಲಿ ಅಲ್ಲಿನ 80 ದಾಟಿದ ಹಿರಿಯರಲ್ಲಿ ಬಹುಪಾಲು ಮಂದಿ ಲಸಿಕೆಯ ತಂಟೆಗೇ ಹೋಗಲಿಲ್ಲ. 2022ರ ಆರಂಭದಲ್ಲಿ ಒಮಿಕ್ರಾನ್ ತಳಿ ಒಳಬಂತು, ಕೆಲವೇ ತಿಂಗಳಲ್ಲಿ ಒಂಬತ್ತು ಸಾವಿರ ಜನ ಹೋದರು. ನಮ್ಮಲ್ಲೇ ಲಸಿಕೆಯ ಪೆಟ್ಟಿಗೆ ಹಿಡಿದು ಹೋದಾಗ ಜೋಳದ ಹೊಲದಲ್ಲಿ ಅಡಗಿದವರಿದ್ದರು. ಒಬ್ಬ ಅಜ್ಜ ಮರ ಹತ್ತಿದ. ಇಳಿಸಲು ಅರ್ಧ ದಿನ ಹಿಡಿಯಿತು, ಇಳಿದ ಮೇಲೆ ಚಹಾ ಕುಡಿಸಿದ್ದು ಅವನೇ.

ಎರಡು ದೇಶ ಅಥವಾ ಎರಡು ಜಿಲ್ಲೆ ಹೋಲಿಸಬೇಕೆಂದರೆ ಏನು ನೋಡಬೇಕು? ನಾನು ಕಾಲೇಜಿನಲ್ಲಿ ಪ್ರಬಂಧ ಬರೆಯಬೇಕು.

ಹಸಿ ಅಂಕಿಯನ್ನು ನೇರ ಹೋಲಿಸಬೇಡ, ಮಗಳೇ. ಮೊದಲು ವಯಸ್ಸು ಸರಿದೂಗಿಸು: ಕೊಪ್ಪಳದ ಜನರಿಗೆ ಇಟಲಿಯವರ ವಯಸ್ಸು ಇದ್ದಿದ್ದರೆ ಎಷ್ಟು ಸಾವಾಗುತ್ತಿತ್ತು ಎಂದು ಪ್ರತಿ ವಯೋಗುಂಪಿಗೂ ಲೆಕ್ಕ ಹಾಕು. ಹಾಗೆ ಮಾಡಿದ ಬಹಳ ಕಡೆ ಬಡ ಸೀಮೆಗಳಲ್ಲಿ ಅದೇ ವಯಸ್ಸಿನವರಿಗೆ ಅಪಾಯ ಹೆಚ್ಚೇ ಇತ್ತು ಎಂದು ಹೊರಬರುತ್ತದೆ. ಹರೆಯ ಅದನ್ನು ಮುಚ್ಚಿಟ್ಟಿರುತ್ತದೆ. ಆಮೇಲೆ ಕೊರೊನಾ ಸಾವಿನ ಪಟ್ಟಿ ಬಿಟ್ಟು ಒಟ್ಟು ಸಾವಿನ ಪುಸ್ತಕ ಕೇಳು. ಒಂದೇ ತಿಂಗಳ ಚಿತ್ರ ಹಿಡಿದು ಗೆದ್ದವರು, ಸೋತವರು ಎಂದು ಬರೆಯಬೇಡ. 2020ರಲ್ಲಿ ಗೆದ್ದ ಹಾಂಗ್‌ಕಾಂಗ್ 2022ರಲ್ಲಿ ಏನಾಯಿತೆಂದು ಮೇಲೆ ಓದಿದ್ದೀಯ. ಮತ್ತು ಮಾರ್ಗದರ್ಶಕರು ‘ಒಂದೇ ಕಾರಣ ಬರೆ’ ಎಂದರೆ ಒಪ್ಪಬೇಡ.

2021ರಲ್ಲಿ ತೀರಿಕೊಂಡ ನಮ್ಮ ಅವ್ವನ ಹೆಸರು ಮರಣ ನೋಂದಣಿ ಪುಸ್ತಕದಲ್ಲೇ ಇಲ್ಲ. ಈಗ ಸೇರಿಸಬಹುದೇ?

ಸೇರಿಸಬಹುದು. ಸಾವಾದ 21 ದಿನದೊಳಗೆ ಬರೆಸಿದ್ದರೆ ಸುಲಭವಿತ್ತು. ಒಂದು ವರ್ಷ ದಾಟಿದ್ದರಿಂದ ದಂಡಾಧಿಕಾರಿಯ ಆದೇಶ ಬೇಕು, ತಡವಾದದ್ದಕ್ಕೆ ಶುಲ್ಕವೂ ಇದೆ. ಅವ್ವನ ಆಧಾರ್, ಪಡಿತರ ಚೀಟಿ, ಮಣ್ಣು ಮಾಡಿದ ದಿನವನ್ನು ಬಲ್ಲ ಇಬ್ಬರು ಹಿರಿಯರನ್ನು ಹೊಂದಿಸಿಕೊಳ್ಳಿ. ಎರಡು ಮೂರು ಸಲ ಅಲೆಯಬೇಕಾದೀತು. ಅವ್ವನ ಹೆಸರಿಗೆ ಹೊಲ ಇಲ್ಲ, ಇದೆಲ್ಲ ಏಕೆ ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ನನಗೆ ಫೋನ್ ಮಾಡಿ, ನಾನೂ ಬರುತ್ತೇನೆ.